ಚಹಾದಾಗ ಚಪಾತಿ

ನಮ್ಮ ಆಫೀಸಿನ ತಿಂಡಿ ಟೇಬಲ್ಲಿನಲ್ಲಿ 2023ರ ಬೇಸಿಗೆಯಲ್ಲಿ ಒಂದು ಆಟ ಶುರುವಾಗಿತ್ತು. ಶುರು ಮಾಡಿದ್ದು ನಮ್ಮ ಟೀಮಿನ ಶಿರಸಿಯ ಹುಡುಗ. ಅವತ್ತು ಕ್ಯಾಂಟೀನಿನಲ್ಲಿ ದೋಸೆ. ನಾವೆಲ್ಲ ಚಟ್ನಿ, ಸಾಗು ಹಾಕಿಸಿಕೊಂಡು ಬಂದು ಕೂತರೆ ಈ ಪುಣ್ಯಾತ್ಮ ಬ್ಯಾಗಿನಿಂದ ಒಂದು ಪುಟ್ಟ ಬಾಟಲಿ ತೆಗೆದು, ಕಂದು ಬಣ್ಣದ ಅಂಟಂಟು ಪಾಕವನ್ನು ದೋಸೆ ಮೇಲೆ ಧಾರಾಳವಾಗಿ ಸುರಿದುಕೊಂಡ. ನಮಗೆಲ್ಲ ಗಾಬರಿ. ಕೇಳಿದರೆ, ಜೋನಿಬೆಲ್ಲ! "ಇದರ ಮೇಲೊಂದು ಚಮಚ ತುಪ್ಪ ಇದ್ದಿದ್ರೆ ಆಗ್ತಿತ್ತು ನೋಡಿ" ಅಂತ ಬೇರೆ ನಿಟ್ಟುಸಿರು ಬಿಟ್ಟ. ಅವರ ಮನೆಯಲ್ಲಿ ದೋಸೆಗೆ ಚಟ್ನಿ ಇರಲಿ ಬಿಡಲಿ, ಜೋನಿಬೆಲ್ಲ ಮಾತ್ರ ಇರಲೇಬೇಕಂತೆ.

ಅಲ್ಲಿಂದ ಆಟ ಶುರು. ನಿಯಮ ಎರಡೇ. ಒಂದು, ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ತಿನ್ನುವ, ಹೊರಗಿನವರಿಗೆ ಹೇಳಿದರೆ ಮುಖ ಕಿವುಚುವಂಥ ಒಂದು ಜೋಡಿ ಹೇಳಬೇಕು. ಎರಡು, ಕೇಳಿದವರು ಎಷ್ಟು ಬೇಕಾದರೂ ನಗಬಹುದು, ಆದರೆ 'ಛೀ' ಅನ್ನುವಂತಿಲ್ಲ.

ಮಂಗಳೂರಿನವಳು 'ಸಜ್ಜಿಗೆ-ಬಜಿಲ್' ಅಂದಳು. ಅಂದರೆ ಉಪ್ಪಿಟ್ಟಿಗೆ ಖಾರದ ಅವಲಕ್ಕಿ ಕಲಸಿ ತಿನ್ನೋದು. ಎರಡು ಬೇರೆ ಬೇರೆ ತಿಂಡಿಗಳನ್ನು ಒಂದೇ ತಟ್ಟೆಯಲ್ಲಿ ಕಲಸೋದು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. "ತಿಂದು ನೋಡು, ಆಮೇಲೆ ಮಾತಾಡು" ಅಂದಳು. (ಆಮೇಲೆ ಉಡುಪಿಗೆ ಹೋದಾಗ ತಿಂದೆ. ಮೆತ್ತಗಿನ ಉಪ್ಪಿಟ್ಟಿನ ನಡುವೆ ಅವಲಕ್ಕಿ ಹಲ್ಲಿಗೆ ಸಿಗುತ್ತದಲ್ಲ, ಮಜಾ ಇರೋದೇ ಅಲ್ಲಿ. ಈಗ ಮಾತಾಡೋದಿಲ್ಲ.) ಇಂದೋರಿನಿಂದ ಬಂದವನು ಒಗ್ಗರಣೆ ಅವಲಕ್ಕಿಗೆ ಜಿಲೇಬಿ ಅಂದ. ಅವರ ಊರಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಎಲ್ಲರೂ ತಿನ್ನೋದು ಅದನ್ನೇ. ಶಿರಸಿಯವನು ಎರಡನೇ ಸುತ್ತಿನಲ್ಲಿ ಆಲೆಮನೆಯ ವಿಷಯ ತೆಗೆದ. ತಣ್ಣನೆಯ ಕಬ್ಬಿನ ಹಾಲು ಒಂದು ಕೈಯಲ್ಲಿ, ಖಾರದ ಮಂಡಕ್ಕಿ, ಮಿರ್ಚಿ ಭಜಿ ಇನ್ನೊಂದು ಕೈಯಲ್ಲಿ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನೊಬ್ಬ, ಬನ್ನಿಗೆ ಬೆಣ್ಣೆ ಸವರಿ ಅದರೊಳಗೆ ಕಾಂಗ್ರೆಸ್ ಕಡಲೆಬೀಜ ತುಂಬಿ ಕೊಡೋ ಬೇಕರಿಯ ಬಗ್ಗೆ ಕಣ್ಣು ಮುಚ್ಚಿಕೊಂಡು ಐದು ನಿಮಿಷ ಭಾಷಣ ಮಾಡಿದ. ಮೈಸೂರಿನವಳು ಮಾತ್ರ "ನಮ್ಮನೇಲಿ ಅಂಥದ್ದೇನೂ ಇಲ್ಲಪ್ಪ" ಅಂದಳು. ಅವಳ ತಟ್ಟೆ ನೋಡಿದರೆ ಚೌಚೌ ಬಾತ್! ಉಪ್ಪು ಖಾರದ ರವೆಯ ಪಕ್ಕದಲ್ಲೇ ಸಕ್ಕರೆ ತುಪ್ಪದ ರವೆ. ಎರಡೂ ಒಂದಕ್ಕೊಂದು ತಾಗಿಕೊಂಡಿರುವ ಜಾಗದಲ್ಲಿ ಚಮಚ ಹಾಕಿ ತಿನ್ನುತ್ತಾ ಇದ್ದಾಳೆ. ಇಡೀ ದಕ್ಷಿಣ ಕರ್ನಾಟಕ ಅದನ್ನು ದಿನಾ ತಿನ್ನುತ್ತದೆ, ಹಾಗಾಗಿ ಅದು ವಿಚಿತ್ರ ಅಂತ ಅವಳಿಗೆ ಹೊಳೆದೇ ಇರಲಿಲ್ಲ.

ನನ್ನ ಸರದಿ ಬಂತು. ನಾನು "ಮೊಸರನ್ನಕ್ಕೆ ಬಾಳೆಹಣ್ಣು ಕಿವುಚಿಕೊಂಡು ತಿಂತೀವಿ" ಅಂದೆ. ಎಲ್ಲರೂ "ಓ, ಅದು ನಮ್ಮಲ್ಲೂ ಇದೆ" ಅಂದರು. ನನಗೆ ಕಡಿಮೆ ಮಾರ್ಕ್ಸು ಬಿತ್ತು.

ಹೇಳಬೇಕಾದ ವಿಷಯ ಏನಪ್ಪಾ ಅಂದರೆ, ನಾನು ಹೇಳಿದ್ದು ಸುಳ್ಳು. ಅದು ನನ್ನ ಹಾಸ್ಟೆಲ್ಲಿನ ರೂಮ್‌ಮೇಟಿನ ಮನೆಯ ತಿಂಡಿ. ನಮ್ಮ ಮನೆಯದು ಬೇರೆಯೇ ಇತ್ತು.

ನಮ್ಮೂರು ಗದಗ ಜಿಲ್ಲೆಯಲ್ಲಿ, ರೋಣದ ಹತ್ತಿರ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದ. 2022ರಲ್ಲಿ ರಿಟೈರ್ ಆದ. ನಾನು ಸಣ್ಣವನಿದ್ದಾಗ ವಾರದಲ್ಲಿ ಮೂರು ನಾಲ್ಕು ರಾತ್ರಿ ಅವನಿಗೆ ವಸ್ತಿ ಬಸ್ಸಿನ ಡ್ಯೂಟಿ ಇರುತ್ತಿತ್ತು. ವಸ್ತಿ ಬಸ್ಸು ಅಂದರೆ ಗೊತ್ತಲ್ಲ? ರಾತ್ರಿ ಎಂಟು ಒಂಬತ್ತಕ್ಕೆ ಒಂದು ಹಳ್ಳಿಗೆ ಹೋಗಿ, ಅಲ್ಲೇ ಗುಡಿಯ ಮುಂದೋ ಪಂಚಾಯ್ತಿ ಕಟ್ಟೆಯ ಹತ್ತಿರವೋ ನಿಂತು, ಬೆಳಿಗ್ಗೆ ಆರಕ್ಕೆ ಮೊದಲನೇ ಟ್ರಿಪ್ಪು ಹೊರಡುವ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಬಸ್ಸಿನ ಸೀಟಿನ ಮೇಲೆಯೇ ಮಲಗೋದು. ಹಳ್ಳಿಯಲ್ಲಿ ಅಷ್ಟು ಹೊತ್ತಿಗೆ ಹೋಟೆಲು ತೆರೆದಿರುವುದಿಲ್ಲ. ಯಾರಾದರೂ ಮನೆಯವರು ಒಂದು ತಂಬಿಗೆಯಲ್ಲಿ ಬಿಸಿ ಬಿಸಿ ಚಹಾ ತಂದು ಕೊಡುತ್ತಿದ್ದರು. ಅವ್ವ ಹಿಂದಿನ ದಿನ ಮಧ್ಯಾಹ್ನ ಕಟ್ಟಿಕೊಟ್ಟ ಬುತ್ತಿಯಲ್ಲಿ ಪಲ್ಯ ರಾತ್ರಿಗೇ ಖಾಲಿ, ಇಲ್ಲವೇ ಬೇಸಿಗೆಯಾದರೆ ಹಳಸಿರುತ್ತಿತ್ತು. ಉಳಿಯುತ್ತಿದ್ದುದು ಎರಡೋ ಮೂರೋ ತಂಗಳ ಚಪಾತಿ. ಅದೂ ರಾತ್ರಿಯೆಲ್ಲ ಡಬ್ಬಿಯಲ್ಲಿ ಕೂತು ಚರ್ಮದ ಹಾಗೆ ಆಗಿರುತ್ತಿತ್ತು. ಒಂದು ಕಡೆ ಹರಿಯಲಾರದ ಚಪಾತಿ, ಇನ್ನೊಂದು ಕಡೆ ಬಿಸಿ ಚಹಾ. ಆರು ಗಂಟೆಗೆ ಬಸ್ಸು ಬಿಡಬೇಕು. ನೀವಿದ್ದರೆ ಏನು ಮಾಡುತ್ತಿದ್ದಿರಿ? ಅಪ್ಪ ಮಾಡಿದ್ದೂ ಅದನ್ನೇ. ಮುರಿದು ಚಹಾದಾಗ ಹಾಕಿಕೊಂಡ.

ಆಮೇಲೆ ಅದು ಅವನ ರೂಢಿ ಆಯಿತು. ಮನೆಯಲ್ಲಿದ್ದ ದಿನವೂ ಬೆಳಿಗ್ಗೆ ಅದೇ ಬೇಕು. ಅವ್ವ ಬಿಸಿ ಚಪಾತಿ ಮಾಡಿಕೊಡ್ತೀನಿ ಅಂದರೂ "ಬ್ಯಾಡ, ರಾತ್ರೀದು ಇದ್ರ ಕೊಡು" ಅನ್ನುತ್ತಿದ್ದ. ಅದಕ್ಕೊಂದು ಶಾಸ್ತ್ರವೂ ಇತ್ತು. ಚಪಾತಿಯನ್ನು ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಮುರಿಯಬೇಕು. ದೊಡ್ಡ ಕಪ್ಪಿನ ಅರ್ಧಕ್ಕೆ ತುಂಬಬೇಕು. ಮೇಲಿಂದ ಕುದಿಯುವ ಚಹಾ ಹಾಕಿ, ಬಸಿ ಮುಚ್ಚಿ ಇಡಬೇಕು. ಹಳೆಯ ವೇಬಿಲ್ಲು ತೆಗೆದು ಒಂದು ಸಲ ಲೆಕ್ಕ ನೋಡುವಷ್ಟು ಹೊತ್ತು ಕಾದು, ಆಮೇಲೆ ಬಸಿ ತೆಗೆಯಬೇಕು. ಶುಂಠಿ ಹಾಕಿದ ಸಿಹಿ ಚಹಾದಲ್ಲಿ ನೆನೆದ ಚಪಾತಿ, ಒಳಗಿನ ಎಣ್ಣೆ ಒಂದಿಷ್ಟು ಬಿಟ್ಟುಕೊಂಡು, ಮೇಲೆ ಸಣ್ಣ ಸಣ್ಣ ಚಿನ್ನದ ಚುಕ್ಕಿಗಳು ತೇಲುತ್ತಿರುತ್ತಿದ್ದವು. ಕೊನೆಯ ತುತ್ತು ಯಾವಾಗಲೂ ನನಗೆ. ಕಪ್ಪಿನ ತಳದಲ್ಲಿ ಕರಗದ ಸಕ್ಕರೆ ಇರುತ್ತದಲ್ಲ, ಅದು ಮೆತ್ತಿಕೊಂಡಿರುವ ತುತ್ತು. ಅದರ ರುಚಿಯ ಮುಂದೆ ಈಗಿನ ಯಾವ ಡೆಸರ್ಟೂ ಇಲ್ಲ. ಉತ್ಪ್ರೇಕ್ಷೆ ಅಲ್ಲ, ಆಣೆ.

ನಮ್ಮ ಕಡೆ ಇದು ಅಂಥ ಅಪರೂಪದ್ದೂ ಅಲ್ಲ. ಚಹಾದಾಗ ಚಪಾತಿ, ಚಹಾದಾಗ ಕಟಕ ರೊಟ್ಟಿ, ಚಹಾದಾಗ ಚುರುಮುರಿ, ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಆದರೆ 2015ರಲ್ಲಿ ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಬಂದೆ ನೋಡಿ, ಹಾಸ್ಟೆಲ್ಲಿನ ಮೊದಲನೇ ವಾರವೇ ಒಂದು ಪಾಠ ಕಲಿತೆ. ಬೆಳಿಗ್ಗೆ ಮೆಸ್ಸಿನಲ್ಲಿ ಚಪಾತಿ ಇತ್ತು, ಚಹಾ ಇತ್ತು. ಯೋಚನೆ ಕೂಡ ಮಾಡದೆ ಮುರಿದು ಹಾಕಿಕೊಂಡೆ. ಎದುರಿಗೆ ಕೂತಿದ್ದವನು ಪಕ್ಕದವನಿಗೆ ಮೊಣಕೈಯಿಂದ ತಿವಿದ. ಒಬ್ಬ "ಏನ್ ಗುರೂ, ಮನೇಲಿ ಪಲ್ಯ ಮಾಡ್ತಿರ್ಲಿಲ್ವಾ?" ಅಂದ. ಅವನು ಕೆಟ್ಟವನೇನಲ್ಲ, ಆಮೇಲೆ ನಾಲ್ಕು ವರ್ಷ ನನ್ನ ಜೊತೆಗೇ ಇದ್ದ. ಆದರೆ ಆ ಪ್ರಶ್ನೆಯಲ್ಲಿ 'ನೀವು ಬಡವರಾ?' ಅನ್ನೋ ಇನ್ನೊಂದು ಪ್ರಶ್ನೆ ನನಗೆ ಕೇಳಿಸಿತು. ಅವನು ಅದನ್ನು ಕೇಳಿದ್ದನೋ ಇಲ್ಲವೋ, ನನಗಂತೂ ಕೇಳಿಸಿತು. ಅವತ್ತಿನಿಂದ ಚಹಾ ಬೇರೆ, ಚಪಾತಿ ಬೇರೆ. 'ಐತಿ' ಹೋಗಿ 'ಇದೆ' ಬಂದಿದ್ದೂ ಹೆಚ್ಚುಕಡಿಮೆ ಅದೇ ತಿಂಗಳಲ್ಲಿ.

ಈಗ ಮತ್ತೆ 2023ಕ್ಕೆ ಬರ್ತೀನಿ. ಆ ಆಟ ನಡೆದ ಎರಡು ತಿಂಗಳಿಗೆ ಅಪ್ಪನ ಕಣ್ಣಿನ ಪೊರೆ ಆಪರೇಷನ್ನಿಗೆ ಅಂತ ಅವನನ್ನು ಬೆಂಗಳೂರಿಗೆ ಕರೆಸಿಕೊಂಡೆ. ಆಪರೇಷನ್ ಚೆನ್ನಾಗಿಯೇ ಆಯಿತು. ಮೂರು ವಾರ ನನ್ನ ಫ್ಲ್ಯಾಟಿನಲ್ಲೇ ಇದ್ದ. ಕಪ್ಪು ಕನ್ನಡಕ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು, ಕೆಳಗೆ ಹೋಗುವ ಬಿಎಂಟಿಸಿ ಬಸ್ಸುಗಳನ್ನು ಎಣಿಸುವುದೇ ಅವನ ಕೆಲಸ. "ಇವು ಟೈಮಿಗೆ ಸರಿಯಾಗಿ ಬರಂಗಿಲ್ಲ ನೋಡು" ಅಂತ ದಿನಾ ರಿಪೋರ್ಟು.

ಒಂದು ಭಾನುವಾರ ಟೀಮಿನವರು ಅಪ್ಪನನ್ನು ಮಾತಾಡಿಸಲು ಮನೆಗೆ ಬಂದರು. ಶಿರಸಿ, ಮಂಗಳೂರು, ಮೈಸೂರು, ಇಂದೋರು ಎಲ್ಲರೂ. ಜೊತೆಗೆ ನಮ್ಮ ಮ್ಯಾನೇಜರ್ ಕೂಡ. ನಾನು ಹೊಸ ಕಪ್ಪುಗಳನ್ನು ತೆಗೆದು ಚಹಾ ಮಾಡಿದೆ, ಬಿಸ್ಕೆಟ್ ಇಟ್ಟೆ. ಮಾತು ನಡೆಯುತ್ತಿತ್ತು. ಅಪ್ಪ ಎದ್ದು ಒಳಗೆ ಹೋದವನು ಹಾಟ್‌ಬಾಕ್ಸಿನಿಂದ ರಾತ್ರಿ ಉಳಿದಿದ್ದ ಚಪಾತಿ ತಂದು, ಮಾತಾಡುತ್ತಲೇ ಮುರಿದು ಮುರಿದು ಕಪ್ಪಿಗೆ ಹಾಕತೊಡಗಿದ. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲವಾದ್ದರಿಂದ ಒಂದೆರಡು ತುಂಡು ಟೀಪಾಯಿಯ ಮೇಲೆ ಬಿದ್ದವು. ಮಂಗಳೂರಿನವಳು ನೋಡುತ್ತಿದ್ದಳು. ಮ್ಯಾನೇಜರೂ ನೋಡಿದರು.

ನಾನು ಅಂದೆ, "ಅಪ್ಪಾ, ಇದು ವಸ್ತಿ ಬಸ್ಸಲ್ಲ."

ಜೋರಾಗಿಯೇ ಅಂದೆ, ಜೋಕಿನ ಹಾಗೆ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. "ಹೌದ್ ನೋಡ್ರಿ, ರೂಢಿ ಬಿದ್ದೈತಿ" ಅಂತ ಹೇಳಿ, ಕಪ್ಪನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಇಟ್ಟ. ಒಂದು ಬಿಸ್ಕೆಟ್ ತಗೊಂಡು ಒಣದನ್ನೇ ತಿಂದ. ಮಾತು ಮುಂದುವರಿಯಿತು. ಎಲ್ಲರೂ ಹೋದ ಮೇಲೆ ಕಪ್ಪು ತೊಳೆಯಲು ಹೋದಾಗ ಕುರ್ಚಿಯ ಕೆಳಗಿನ ಆ ಕಪ್ಪು ಸಿಕ್ಕಿತು. ಚಪಾತಿ ಚಹಾವನ್ನೆಲ್ಲ ಹೀರಿಕೊಂಡು ಉಬ್ಬಿ ಕಪ್ಪಿನ ಅಂಚಿನವರೆಗೂ ಬಂದಿತ್ತು. ಚಮಚದಲ್ಲಿ ಕೆದಕಿ ಡಸ್ಟ್‌ಬಿನ್ನಿಗೆ ಹಾಕಿದೆ. ನಿಜ ಹೇಳಬೇಕೆಂದರೆ ಅವತ್ತು ನನಗೆ ಏನೂ ಅನ್ನಿಸಲಿಲ್ಲ. ಹೊಸ ಕಪ್ಪಿಗೆ ಕಲೆ ಆಯಿತಲ್ಲ ಅಂತ ಅನ್ನಿಸಿತು, ಅಷ್ಟೇ.

ಇಲ್ಲಿ ಸ್ವಲ್ಪ ಕೆಮಿಸ್ಟ್ರಿ ಹೇಳಲೇಬೇಕು. (ಎಂಜಿನಿಯರ್ ಬುದ್ಧಿ, ಕ್ಷಮಿಸಿ.) ಈ ವಿಚಿತ್ರ ಜೋಡಿಗಳ ಬಗ್ಗೆ ಆಮೇಲೆ ಒಂದಷ್ಟು ಓದಿದೆ. ಗೊತ್ತಾಗಿದ್ದೇನೆಂದರೆ, ಇವುಗಳಲ್ಲಿ ಬಹಳಷ್ಟಕ್ಕೆ ಸರಿಯಾದ ಕಾರಣವೇ ಇದೆ. ನಮ್ಮ ಕಡೆ ಪ್ಯಾರಲಹಣ್ಣಿಗೆ, ಅಂದರೆ ಸೀಬೆಹಣ್ಣಿಗೆ, ಉಪ್ಪು ಖಾರ ಹಚ್ಚಿ ತಿನ್ನುತ್ತೇವಲ್ಲ? ಉಪ್ಪು ಹಾಕಿದರೆ ಹಣ್ಣು ಇನ್ನೂ ಸಿಹಿ ಅನ್ನಿಸುತ್ತದೆ. ಇದೇನು ಮಾಯೆ ಅಂತ ನನಗೂ ಅನ್ನಿಸಿತ್ತು. 1997ರಲ್ಲಿ ಪಾಲ್ ಬ್ರೆಸ್ಲಿನ್ ಮತ್ತು ಗ್ಯಾರಿ ಬೋಶಾಂಪ್ ಅನ್ನುವ ಇಬ್ಬರು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಉಪ್ಪು ಕಹಿಯನ್ನು ಅದುಮುತ್ತದೆ, ಕಹಿಯ ಕೆಳಗೆ ಸಿಕ್ಕಿಕೊಂಡಿದ್ದ ಸಿಹಿ ಆಗ ಮೇಲೆದ್ದು ಬರುತ್ತದೆ, ಅಂತ. ಅಂದರೆ ಉಪ್ಪು ಸಿಹಿಯನ್ನು ಹೆಚ್ಚಿಸುವುದಿಲ್ಲ, ಅದರ ಬಾಯಿ ಮುಚ್ಚಿಸಿದವರನ್ನು ಪಕ್ಕಕ್ಕೆ ಸರಿಸುತ್ತದೆ. ಶಾಲೆಯ ಗೇಟಿನ ಮುಂದೆ ಹಣ್ಣಿಗೆ ಉಪ್ಪು ಖಾರ ಹಚ್ಚಿ ಕೊಡುವ ಅಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಪ್ಪನ ಚಪಾತಿಯದ್ದೂ ಹಾಗೇ. ಬೇಯಿಸಿದಾಗ ಹಿಟ್ಟಿನಲ್ಲಿರುವ ಪಿಷ್ಟ ನೀರು ಹೀರಿ ಮೆತ್ತಗಾಗುತ್ತದೆ. ಆರಿದ ಮೇಲೆ ಅದರ ಕಣಗಳು ಮತ್ತೆ ಒತ್ತೊತ್ತಾಗಿ ಸೇರಿಕೊಂಡು ಗಟ್ಟಿಯಾಗುತ್ತವೆ. ರಾತ್ರಿಯ ಚಪಾತಿ ಬೆಳಿಗ್ಗೆ ಚರ್ಮದಂತಾಗುವುದಕ್ಕೆ ಬರೀ ಒಣಗಿದ್ದೊಂದೇ ಕಾರಣ ಅಲ್ಲ, ಇದೂ ಒಂದು. ಇದನ್ನು ಹಿಂದಕ್ಕೆ ತಿರುಗಿಸಬಹುದು, ಬಿಸಿ ಮತ್ತು ನೀರು ಎರಡೂ ಬೇಕು. ಬಿಸಿ ಚಹಾದಲ್ಲಿ ಎರಡೂ ಇದೆ. ಅದಕ್ಕೇ ಅಪ್ಪ ಬಸಿ ಮುಚ್ಚಿ ಇಡುತ್ತಿದ್ದುದು, ಬಿಸಿ ಹೋಗಬಾರದು ಅಂತ. ಇನ್ನು ಚಹಾದ ಒಗರನ್ನು ಹಾಲಿನ ಪ್ರೋಟೀನು ಹಿಡಿದುಕೊಳ್ಳುತ್ತದೆ, ಹಾಗಾಗಿ ನಾಲಿಗೆಗೆ ತಾಗುವುದು ಸಿಹಿ, ಶುಂಠಿ, ಗೋಧಿ. ಮೂವತ್ತು ವರ್ಷ ವಸ್ತಿ ಬಸ್ಸಿನಲ್ಲಿ ಅಪ್ಪ ಮಾಡುತ್ತಿದ್ದುದು ಪಕ್ಕಾ ವಿಜ್ಞಾನ. ನಾನು ಅದಕ್ಕೆ ಜೋಕು ಮಾಡಿದ್ದೆ.

ಇನ್ನೊಂದು ವಿಷಯವೂ ತಲೆಗೆ ಬಂತು. ನಾವು 'ನಮ್ಮದು' ಅಂತ ಎದೆ ತಟ್ಟಿಕೊಳ್ಳುವ ಜೋಡಿಗಳೆಲ್ಲ ಒಂದು ಕಾಲದಲ್ಲಿ ವಿಚಿತ್ರವೇ ಆಗಿದ್ದವು. ಮಿರ್ಚಿ ಭಜಿ ಇಲ್ಲದ ಹುಬ್ಬಳ್ಳಿ ಊಹಿಸಿಕೊಳ್ಳಿ! ಆದರೆ ಮೆಣಸಿನಕಾಯಿ ಅಮೆರಿಕದ ಗಿಡ, ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದದ್ದು. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದು. ಶೇಂಗಾ ಹಿಂಡಿ ಇಲ್ಲದೆ ನಮ್ಮಲ್ಲಿ ರೊಟ್ಟಿ ಗಂಟಲಿಗೆ ಇಳಿಯುವುದಿಲ್ಲ. ಗಿರ್ಮಿಟ್ಟಿಗೆ ಹಾಕುವ ಟೊಮೆಟೊ ಕೂಡ ಹಾಗೆಯೇ ಆ ಕಡೆಯಿಂದ ಬಂದದ್ದು. ಇನ್ನು ಚಹಾ? ಬ್ರಿಟಿಷರು ಅಸ್ಸಾಮಿನಲ್ಲಿ ತೋಟ ಹಾಕಲು ಶುರು ಮಾಡಿದ್ದು 1830ರ ದಶಕದಲ್ಲಿ. ಅದು ಹಳ್ಳಿ ಹಳ್ಳಿಯ ಒಲೆ ಮುಟ್ಟಿದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ. ಅಂದರೆ ಯಾರೋ ಒಬ್ಬರು ಮೊದಲ ಸಲ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡಾಗ ಪಕ್ಕದವರು ಮೊಣಕೈಯಿಂದ ತಿವಿದೇ ಇರುತ್ತಾರೆ!

ಸರಿ, 2024ರ ಸೆಪ್ಟೆಂಬರಿನಲ್ಲಿ ಕಂಪನಿ ಕೆಲಸದ ಮೇಲೆ ಮೂರು ವಾರ ಟೋಕಿಯೋಗೆ ಹೋಗಿದ್ದೆ. ಮಂಗಳೂರಿನವಳೂ ಇದ್ದಳು. ಅಲ್ಲಿಯ ಟೀಮಿನ ಹಿರಿಯರೊಬ್ಬರು ಕೊನೆಯ ವಾರ ನಮ್ಮನ್ನೆಲ್ಲ ರಾತ್ರಿ ಊಟಕ್ಕೆ ಕರೆದುಕೊಂಡು ಹೋದರು. ಎಲ್ಲಾ ಮುಗಿದ ಮೇಲೆ ಕೊನೆಯಲ್ಲಿ ಒಂದು ಬಟ್ಟಲಿನಲ್ಲಿ ಅನ್ನ ಬಂತು. ಮೇಲೆ ಸುಟ್ಟ ಮೀನಿನ ಚೂರು, ಕತ್ತರಿಸಿದ ಕಡಲಪಾಚಿ. ನಾನು ಮೀನು ತಿನ್ನುವುದಿಲ್ಲವಾದ್ದರಿಂದ ನನಗೆ ಉಪ್ಪಿನಲ್ಲಿ ಹಾಕಿದ 'ಉಮೆ' ಹಣ್ಣು ಇಟ್ಟದ್ದು. ಹೆಚ್ಚುಕಡಿಮೆ ನಮ್ಮ ಉಪ್ಪಿನಕಾಯಿಯೇ, ಖಾರ ಇಲ್ಲ ಅಷ್ಟೇ. ಜೊತೆಗೊಂದು ಪುಟ್ಟ ಕೆಟಲು. ಅವರು ಆ ಕೆಟಲಿನಿಂದ ಬಿಸಿ ಬಿಸಿ ಗ್ರೀನ್ ಟೀಯನ್ನು ನೇರವಾಗಿ ಅನ್ನದ ಮೇಲೆ ಸುರಿದರು!

ಚಹಾದಲ್ಲಿ ಅನ್ನ. ನಾನು ಕಣ್ಣು ಬಿಟ್ಟುಕೊಂಡು ನೋಡಿದೆ.

ಅದರ ಹೆಸರು ಓಚಾಜುಕೆ. ಜಪಾನಿನಲ್ಲಿ ತುಂಬಾ ಹಳೆಯ, ತುಂಬಾ ಸಾಮಾನ್ಯವಾದ ಊಟ. 1952ರಲ್ಲಿ ನಾಗಾತಾನಿಎನ್ ಅನ್ನುವ ಕಂಪನಿ ಇದರ ಮಸಾಲೆಯನ್ನು ಪ್ಯಾಕೆಟ್ಟಿನಲ್ಲಿ ಮಾರಲು ಶುರು ಮಾಡಿತು, ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಕ್ಯೋಟೋ ಕಡೆ ಒಂದು ತಮಾಷೆ ಇದೆಯಂತೆ. ಮನೆಗೆ ಬಂದ ಅತಿಥಿ ಏಳುವ ಲಕ್ಷಣ ಕಾಣದಿದ್ದರೆ "ಸ್ವಲ್ಪ ಚಹಾ-ಅನ್ನ ಊಟ ಮಾಡ್ತೀರಾ?" ಅಂತ ಕೇಳುತ್ತಾರೆ. ಹೊರಡಿ ಅಂತ ಅರ್ಥ. ನಮ್ಮಲ್ಲಿ ದೀಪ ಆರಿಸಿ ಆಕಳಿಸಿದ ಹಾಗೆ.

ನಮ್ಮವರೆಲ್ಲ ಮೊಬೈಲು ತೆಗೆದು ಫೋಟೋ ಹೊಡೆದರು. "ವಾವ್, ಎಷ್ಟು ಸಿಂಪಲ್, ಎಷ್ಟು ಎಲಿಗೆಂಟ್" ಅಂತೆಲ್ಲ ಹೊಗಳಿಕೆ. ನಾನೂ ಹೊಗಳಿದೆ. ನಿಜಕ್ಕೂ ರುಚಿಯಾಗಿತ್ತು. ಚಹಾದ ತೆಳು ಒಗರು, ಹಣ್ಣಿನ ಹುಳಿ ಉಪ್ಪು, ಬಾಯಿಗೆ ಹಿತವಾದ ಬಿಸಿ. ಆ ಹಿರಿಯರಿಗೆ ಖುಷಿಯಾಯಿತು. ಅವರು ಹೇಳಿದರು, "ಇದನ್ನು ಹೋಟೆಲಿನಲ್ಲಿ ಹೀಗೆ ಅಂದವಾಗಿ ಕೊಡುತ್ತಾರೆ. ನಾನು ಮನೆಯಲ್ಲಿ ತಿನ್ನೋದು, ತಡವಾಗಿ ಹೋದಾಗ ಪಾತ್ರೆಯಲ್ಲಿ ಉಳಿದಿರುವ ತಣ್ಣನೆ ಅನ್ನಕ್ಕೆ ಚಹಾ ಹಾಕಿಕೊಂಡು. ನಮ್ಮ ತಂದೆಯೂ ಹಾಗೇ ತಿನ್ನುತ್ತಿದ್ದರು."

ತಡವಾಗಿ ಮನೆಗೆ ಬಂದವರು. ಉಳಿದ ಅನ್ನ. ತಂದೆ.

ಅವರು ಅದನ್ನು ಎಂಟು ಜನರ ಎದುರಿಗೆ, ಅದೂ ಬೇರೆ ದೇಶದವರ ಎದುರಿಗೆ, ಎಷ್ಟು ಸಲೀಸಾಗಿ ಹೇಳಿದರು ಅಂದರೆ ನನಗೆ ಬಟ್ಟಲಿನಿಂದ ಮುಖ ಎತ್ತಲಿಕ್ಕೆ ಆಗಲಿಲ್ಲ. ಕುರ್ಚಿಯ ಕೆಳಗಿನ ಆ ಕಪ್ಪು ನೆನಪಾಯಿತು. ಒಂದು ವರ್ಷದಲ್ಲಿ ಮೊದಲ ಸಲ.

ಮರುದಿನ ಅವ್ವನಿಗೆ ಫೋನ್ ಮಾಡಿದೆ. ಇಲ್ಲಿ ಅನ್ನಕ್ಕೆ ಚಹಾ ಹಾಕ್ಕೊಂಡು ತಿಂತಾರ ಅಂತ ಹೇಳಿದೆ. ಅವ್ವ ನಕ್ಕಳು. ಅಪ್ಪನಿಗೂ ಹೇಳು, ಅವನ ಜೊತೆಗಾರರು ಇಲ್ಲೂ ಅದಾರ ಅಂತ ಹೇಳು, ಅಂದೆ. ಆಕೆ ಒಂದು ಕ್ಷಣ ಸುಮ್ಮನಿದ್ದು ಅಂದಳು, "ನಿಮ್ಮಪ್ಪ ಈಗ ಅದನ್ನ ತಿನ್ನಂಗಿಲ್ಲೋ ತಮ್ಮಾ. ಬರೇ ಚಾ ಅಷ್ಟ ಕುಡೀತಾರ. ಬೆಂಗ್ಳೂರಿಂದ ಬಂದಾಗಿಂದ ಹಂಗ ಮಾಡ್ಯಾರ. ಕೇಳಿದ್ರ, ಈ ವಯಸ್ಸಿನ್ಯಾಗ ಅದೇನ್ ಚಂದ ಕಾಣತೈತಿ ಬಿಡು ಅಂತಾರ."

ನಾನು ಅಂದುಕೊಂಡಿದ್ದೆ, ಅಪ್ಪ ಬೆಂಗಳೂರಿನಲ್ಲಿದ್ದ ಮೂರು ವಾರ ಮಾತ್ರ ಸುಮ್ಮನಿದ್ದ ಅಂತ. ಅವನು ಊರಿಗೆ ಹೋಗಿ, ತನ್ನ ಮನೆಯಲ್ಲಿ, ತನ್ನ ಕಟ್ಟೆಯ ಮೇಲೆ ಕೂತಾಗಲೂ ಬಿಟ್ಟಿದ್ದ. ಮೂವತ್ತು ವರ್ಷದ ರೂಢಿ, ನನ್ನ ಒಂದು ಜೋಕಿಗೆ. ಹಾಸ್ಟೆಲ್ಲಿನಲ್ಲಿ ನನಗೆ ಕೇಳಿಸಿದ ಆ ಇನ್ನೊಂದು ಪ್ರಶ್ನೆ ಅವತ್ತು ಅವನಿಗೂ ಕೇಳಿಸಿರಬೇಕು. ವ್ಯತ್ಯಾಸ ಇಷ್ಟೇ, ಅವನನ್ನು ಕೇಳಿದವನು ಯಾವನೋ ಅಪರಿಚಿತ ಆಗಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದೆ. ಹಬ್ಬದ ಗಲಾಟೆ ಮುಗಿದ ಮೇಲೆ ಒಂದು ಬೆಳಿಗ್ಗೆ ಬೇಗ ಎದ್ದೆ. ಅಪ್ಪ ಕಟ್ಟೆಯ ಮೇಲೆ ಪೇಪರ್ ಓದುತ್ತಾ ಕೂತಿದ್ದ. ಆಪರೇಷನ್ ಆದ ಮೇಲೆ ಸಣ್ಣ ಅಕ್ಷರವೂ ಕಾಣುತ್ತದೆ ಅಂತ ವರ ಬೇಕಾಗಿದೆ, ಕನ್ಯೆ ಬೇಕಾಗಿದೆ ಜಾಹೀರಾತುಗಳನ್ನೂ ಬಿಡುವುದಿಲ್ಲ. (ಅದಕ್ಕೆ ಬೇರೆ ಕಾರಣ ಇರಬಹುದು, ನಾನಂತೂ ಕೇಳಲು ಹೋಗಲಿಲ್ಲ.) ಒಳಗೆ ಹೋಗಿ ರಾತ್ರಿಯ ಚಪಾತಿ ಎರಡು, ದೊಡ್ಡ ಕಪ್ಪಿನಲ್ಲಿ ಚಹಾ, ಒಂದು ಬಸಿ ತಂದೆ. ಅಪ್ಪನ ಪಕ್ಕದಲ್ಲೇ ಕೂತು ಮುರಿಯತೊಡಗಿದೆ. ಹತ್ತು ವರ್ಷ ಆಗಿತ್ತು, ಕೈಗೆ ಅಂದಾಜು ತಪ್ಪಿತ್ತು.

ಅಪ್ಪ ಪೇಪರಿನ ಮೇಲಿಂದ ನೋಡಿದ. "ಏನ್ ಮಾಡಾಕತ್ತೀ?"

"ನಾಷ್ಟಾ."

ಮತ್ತೆ ಪೇಪರ್ ಮೇಲೆತ್ತಿಕೊಂಡ. ನಾನು ಮುರಿಯುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಪೇಪರಿನ ಹಿಂದಿನಿಂದಲೇ ಧ್ವನಿ ಬಂತು. "ಅಷ್ಟ್ ಸಣ್ಣಗ ಮುರೀಬ್ಯಾಡ. ಹಿಟ್ಟಾಗತೈತಿ."

"ಅಪ್ಪಾ, ಅವತ್ತ ಬೆಂಗ್ಳೂರಾಗ ನಾ..." ಅಂತ ಶುರು ಮಾಡಿದೆ. ಏನೇನೋ ಹೇಳಬೇಕು ಅಂತ ರೈಲಿನಲ್ಲಿ ಬರುವಾಗ ಜೋಡಿಸಿಕೊಂಡು ಬಂದಿದ್ದೆ.

"ಬಸಿ ಮುಚ್ಚು ಮೊದಲ. ಬಿಸಿ ಹೋಗತೈತಿ" ಅಂದ ಅಪ್ಪ.

ಮುಚ್ಚಿದೆ. ನಮ್ಮ ಮನೆಗಳಲ್ಲಿ ಅಪ್ಪ-ಮಗ 'ಸಾರಿ' ಹೇಳಿಕೊಂಡ ಇತಿಹಾಸ ಇಲ್ಲ. ನಾನೂ ಹೇಳಲಿಲ್ಲ, ಹೇಳಲಿಕ್ಕೆ ಅವನೂ ಬಿಡಲಿಲ್ಲ. ಇಬ್ಬರೂ ಮುಚ್ಚಿದ ಕಪ್ಪನ್ನೇ ನೋಡುತ್ತಾ ಕೂತೆವು. ಆಮೇಲೆ ಅಪ್ಪ ಪೇಪರ್ ಮಡಚಿ ಪಕ್ಕಕ್ಕಿಟ್ಟು, ತಾನೇ ಬಸಿ ತೆಗೆದು, ನನ್ನ ಕಪ್ಪಿನಿಂದ ಒಂದು ತುಂಡು ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ. ಟಿಕೆಟ್ ಪರೀಕ್ಷೆ ಮಾಡುವವನ ಹಾಗೆ ಮುಖ ಮಾಡಿಕೊಂಡು ಅಗಿದ.

"ಚಾ ಆರೈತಿ" ಅಂದ. ಆಮೇಲೆ ಒಳಗಿನ ಕಡೆ ತಿರುಗಿ, "ಇನ್ನೊಂದ್ ಕಪ್ ಬರ್ಲಿ, ಬಿಸೀದು" ಅಂತ ಕೂಗಿದ.

ಅದು ನನಗೋ ಅವನಿಗೋ ಅಂತ ನಾನು ಕೇಳಲಿಲ್ಲ. ಅವ್ವ ಕಪ್ಪಿನ ಜೊತೆಗೆ ಕೇಳದೆಯೇ ಇನ್ನೊಂದು ಚಪಾತಿ ತಂದು ಇಟ್ಟು ಹೋದಳು. ಅಪ್ಪ ಅದನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದ. ಪೇಪರ್ ಮತ್ತೆ ಬಿಚ್ಚಿದ, ಮಡಚಿದ. ಆಮೇಲೆ ಮುರಿದ, ಉಗುರಿನಷ್ಟು ಅಗಲಕ್ಕೆ, ಒಂದು ತುಂಡೂ ಹೆಚ್ಚು ಕಡಿಮೆ ಇಲ್ಲದ ಹಾಗೆ.

ಕೊನೆಯ ತುತ್ತು ನನಗೆ ಕೊಡಲಿಲ್ಲ, ತಾನೇ ತಿಂದ. ಸಕ್ಕರೆ ಕಡಿಮೆ ಮಾಡು ಅಂದಿದ್ದಾರೆ ಡಾಕ್ಟರು, ಹಾಗಾಗಿ ತಳದಲ್ಲಿ ಈಗ ಏನೂ ಉಳಿದಿರುವುದಿಲ್ಲ ಅಂತ ಹೇಳಿದ. ಅಥವಾ ನಾನು ಇನ್ನೂ ಪೂರ್ತಿ ಪಾಸಾಗಿಲ್ಲವೋ ಏನೋ! ಇರಲಿ, ಅದೂ ಸರಿಯೇ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ತಿಂಡಿ ಟೇಬಲ್ಲಿನಲ್ಲಿ, ಆ ಹಳೆಯ ಆಟದಲ್ಲಿ ನಾನು ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡೆ. ನಮ್ಮ ಮನೆಯದು ಚಹಾದಾಗ ಚಪಾತಿ ಅಂದೆ. ಶಿರಸಿಯವನು "ಇದಕ್ಕೆ ಬೆಲ್ಲದ ಚಹಾ ಆದ್ರೆ ಹೇಗಿರತ್ತೆ?" ಅಂತ ತಕ್ಷಣ ಸಂಶೋಧನೆಗೆ ಇಳಿದ. ಮೈಸೂರಿನವಳು, "ನಮ್ಮಜ್ಜಿ ಕಾಫಿಗೆ ಕೋಡುಬಳೆ ಅದ್ದಿಕೊಂಡು ತಿಂತಿದ್ರು" ಅಂತ ಎರಡು ವರ್ಷ ತಡವಾಗಿ ಬಾಯಿ ಬಿಟ್ಟಳು. ಮಂಗಳೂರಿನವಳು ಮಾತ್ರ ಸುಮ್ಮನಿದ್ದಳು. ಆಮೇಲೆ ಅಂದಳು, "ಅವತ್ತು ನಿಮ್ಮನೇಲಿ ಅಂಕಲ್ ಚಹಾಕ್ಕೆ ಹಾಕ್ಕೊಂಡದ್ದು ಅದೇ ಅಲ್ವಾ? ನಂಗೂ ಒಂದು ಚೂರು ಕೊಡಿ ಅಂತ ಕೇಳ್ಬೇಕು ಅಂತಿದ್ದೆ. ಅಷ್ಟರಲ್ಲಿ ನೀನು ಏನೋ ಹೇಳಿದೆ, ಎಲ್ಲರೂ ನಕ್ಕರು. ನಾನೂ ನಕ್ಕೆ."

ನೋಡುತ್ತಿದ್ದಳು ಅಂತ ನಾನು ಅಂದುಕೊಂಡಿದ್ದೆ. ಅವಳು ಕೇಳಬೇಕು ಅಂತಿದ್ದಳು.

ನಿಮ್ಮ ಮನೆಯಲ್ಲೂ ಒಂದು ಇದ್ದೇ ಇರುತ್ತದೆ. ಉಪ್ಪಿಟ್ಟಿಗೆ ಸಕ್ಕರೆಯೋ, ಚಿತ್ರಾನ್ನಕ್ಕೆ ಮೊಸರೋ, ಅನ್ನಕ್ಕೆ ಮಾವಿನಹಣ್ಣಿನ ಸೀಕರಣೆಯೋ, ನೆಂಟರು ಬಂದಾಗ ಯಾರೂ ಬಾಯಿ ಬಿಡದ ಇನ್ನೇನೋ. ಅದು ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿ ನೋಡಿ. ಹಾಗೆಯೇ, ಅದನ್ನು ತಿನ್ನುತ್ತಿದ್ದವರು ಈಗಲೂ ತಿನ್ನುತ್ತಿದ್ದಾರಾ ಅಂತಲೂ ನೋಡಿ. ಬಿಟ್ಟಿದ್ದರೆ, ಯಾಕೆ ಬಿಟ್ಟರು ಅಂತ ಕೇಳುವ ಮೊದಲು ನೀವೇ ಒಂದು ತಟ್ಟೆಯಲ್ಲಿ ಹಾಕಿಕೊಂಡು ಅವರ ಪಕ್ಕ ಕೂತುಕೊಳ್ಳಿ. ಬೇಕಂತಲೇ ಒಂದಿಷ್ಟು ತಪ್ಪಾಗಿ ಕಲಸಿ. ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ :)